ನಾನೂ ನಕ್ಕೆ, ಮೇಡಂ

ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸಿದವರು ಆಪ್ತಸಮಾಲೋಚಕರ ಬಳಿ ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಕಣ್ಣಾರೆ ಕಂಡು ಸುಮ್ಮನಿದ್ದವರೂ ಬರುತ್ತಾರೆ. ಆದರೆ ಹಾಗೆಂದು ಹೇಳಿಕೊಂಡು ಬರುವುದಿಲ್ಲ. ನಿದ್ದೆ ಬರುತ್ತಿಲ್ಲ ಎನ್ನುತ್ತಾರೆ, ಎದೆ ಹಿಡಿದಂತಾಗುತ್ತದೆ ಎನ್ನುತ್ತಾರೆ, ಭಾನುವಾರ ಸಂಜೆಯಾದರೆ ಮನೆಯವರ ಮೇಲೆಲ್ಲ ರೇಗುತ್ತೇನೆ ಎನ್ನುತ್ತಾರೆ. ಇಂಥವರನ್ನು ಪದೇ ಪದೇ ಕಾಣುತ್ತಿರುವುದರಿಂದ ಒಬ್ಬರ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟ ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತು ದಾಟಿದ ವ್ಯಕ್ತಿ, ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ನೌಕರ. ಕೆಲವು ವಾರಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಪರೀಕ್ಷೆಗಳಲ್ಲಿ ಏನೂ ಕಾಣದೆ ವೈದ್ಯರು ನನ್ನಲ್ಲಿಗೆ ಕಳುಹಿಸಿದ್ದರು. ಮೊದಲ ಎರಡು ಭೇಟಿಗಳು ಕೆಲಸದ ಒತ್ತಡ, ಸಾಲದ ಕಂತಿನ ಮಾತಿನಲ್ಲೇ ಕಳೆದವು.

ಮೂರನೆಯ ಭೇಟಿಯಲ್ಲಿ, ನಿದ್ದೆ ಕೆಟ್ಟ ಮೊದಲ ರಾತ್ರಿ ನೆನಪಿದೆಯೇ ಎಂದು ಕೇಳಿದೆ. ಅವರು ಯೋಚಿಸಲೇ ಇಲ್ಲ. "ನಮ್ಮ ವಿಭಾಗದ ಒಬ್ಬ ಹುಡುಗಿ ಕೆಲಸ ಬಿಟ್ಟ ದಿನ" ಎಂದರು.

ಆಕೆಗೆ ಕೆಲಸ ಕಲಿಸಿದವರು ಇವರೇ. ವಿಭಾಗದ ಮುಖ್ಯಸ್ಥ ಆಕೆಯ ಉಡುಪಿನ ಬಗ್ಗೆ, ನಡಿಗೆಯ ಬಗ್ಗೆ ಮಾತು ತೆಗೆಯುವುದು ಮೊದಮೊದಲು ಅಪರೂಪಕ್ಕಿತ್ತು. ಕ್ರಮೇಣ ಪ್ರತಿ ಸೋಮವಾರದ ಸಭೆಯಲ್ಲೂ ಶುರುವಾಯಿತು. ಕೊನೆಯ ಸಭೆಯಲ್ಲಿ ಆಕೆ ಪರದೆಯ ಮುಂದೆ ನಿಂತು ಅರ್ಧವಾರ್ಷಿಕ ಲೆಕ್ಕ ಒಪ್ಪಿಸುತ್ತಿದ್ದಾಗ ಆತ ಆಕೆಯ ಮೈಕಟ್ಟಿನ ಬಗ್ಗೆ ಒಂದು ಮಾತು ಆಡಿದ. ಅದನ್ನು ಇಲ್ಲಿ ಬರೆಯಲಾರೆ. ಆಕೆಯ ಕೈಯಲ್ಲಿ ಪೆನ್ನಿತ್ತು. ಮುಚ್ಚಳ ಹಾಕಲು ಹೋದರು, ಕೂರಲಿಲ್ಲ. ಮತ್ತೆ ಒತ್ತಿದರು, ಆಗಲೂ ಕೂರಲಿಲ್ಲ. ಪೆನ್ನನ್ನೂ ಮುಚ್ಚಳವನ್ನೂ ಮೇಜಿನ ಮೇಲೆ ಬೇರೆ ಬೇರೆಯಾಗಿ ಇಟ್ಟು ಮುಂದಿನ ಅಂಕಿ ಓದಿದರು.

"ಎಲ್ಲರೂ ನಕ್ಕರು" ಎಂದು ಹೇಳಿ ಅವರು ನಿಲ್ಲಿಸಿದರು.

"ಎಲ್ಲರೂ ಎಂದರೆ?"

ಬಹಳ ಹೊತ್ತು ಮಾತಿಲ್ಲ. ನೀರಿನ ಲೋಟ ಎತ್ತಿಕೊಂಡವರು ಕುಡಿಯದೆ ಕೆಳಗಿಟ್ಟರು. "ನಾನೂ ನಕ್ಕೆ, ಮೇಡಂ. ಅವಳು ಆಗ ನನ್ನ ಕಡೆಗೇ ನೋಡಿದಳು. ನನ್ನ ಮುಖದ ಮೇಲೆ ಇನ್ನೂ ನಗು ಇತ್ತು."

ಭಯದಲ್ಲಿ ಯಾರಾದರೂ ಹಾಗೇ ಮಾಡುತ್ತಾರೆ, ನಿಮ್ಮನ್ನು ನೀವು ದೂರಿಕೊಳ್ಳಬೇಡಿ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ತಪ್ಪಿತಸ್ಥ ಭಾವನೆಯ ಭಾರ ಇಳಿಸುವುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಆದರೂ ನಾನು ಆ ಮಾತು ಆಡಲಿಲ್ಲ. ಆಡಿದ್ದರೆ ಅವರು ಅಂದು ಹಗುರಾಗಿ ಮನೆಗೆ ಹೋಗುತ್ತಿದ್ದರು, ಮುಂದಿನ ಸೋಮವಾರದ ಸಭೆಯೂ ಹಿಂದಿನಂತೆಯೇ ನಡೆಯುತ್ತಿತ್ತು. ಅವರನ್ನು ಎರಡು ಗಂಟೆಗೆ ಎಬ್ಬಿಸುತ್ತಿದ್ದ ಸಂಕಟಕ್ಕೆ ಕಾರಣ ಅವರ ಕಲ್ಪನೆಯೇನೂ ಆಗಿರಲಿಲ್ಲ. ಕಾರಣ ನಿಜವಾದದ್ದಾಗಿತ್ತು, ಅದಕ್ಕೆ ಮಾಡಬೇಕಾದ ಕೆಲಸ ಬಾಕಿ ಇತ್ತು. "ಹೌದು, ನೀವು ನಕ್ಕಿರಿ. ಈಗ ಏನು ಮಾಡಬೇಕೆಂದಿದ್ದೀರಿ?" ಎಂದಷ್ಟೇ ಕೇಳಿದೆ.

"ಅವಳೇ ಬಿಟ್ಟು ಹೋದ ಮೇಲೆ ಈಗ ಹೇಳಿ ಏನು ಪ್ರಯೋಜನ? ಅವಳೇ ದೂರು ಕೊಡಲಿಲ್ಲವಲ್ಲ."

ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅಂದೂ ಬಂತು. ಮೇಲಧಿಕಾರಿಗಳಿಂದ ಕೇಳಿದ್ದೇನೆ, ಸಿಬ್ಬಂದಿ ವಿಭಾಗದವರಿಂದ ಕೇಳಿದ್ದೇನೆ. ದೂರು ಬಂದಿಲ್ಲ ಎಂದರೆ ಎಲ್ಲ ಸರಿಯಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಆ ಕೋಣೆಯನ್ನು ಆಕೆ ನಿಂತ ಜಾಗದಿಂದ ನೋಡಿ. ಬಡ್ತಿಯೂ ಅನುಭವ ಪತ್ರವೂ ಆ ಮನುಷ್ಯನ ಕೈಯಲ್ಲಿವೆ. ನಾಳೆ ಸಾಕ್ಷಿ ಹೇಳಬೇಕಾದವರೆಲ್ಲ ಎದುರಿಗೆ ಕುಳಿತು ನಗುತ್ತಿದ್ದಾರೆ. ಯಾರನ್ನು ನಂಬಿ ದೂರು ಕೊಡಬೇಕು? ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲವಿರುವವರಿಂದ ಎಲ್ಲರಿಗಿಂತ ಹೆಚ್ಚು ಧೈರ್ಯ ನಿರೀಕ್ಷಿಸುವುದು ಅನ್ಯಾಯ. ನೌಕರರು ದನಿ ಎತ್ತಬೇಕು ಎಂದು ತರಬೇತಿಗಳಲ್ಲಿ ಹೇಳುವಾಗ ನಾನು ಮೊದಲು ನೋಡುವುದು ಅಕ್ಕಪಕ್ಕ ಕೂತವರ ಕಡೆಗೆ.

ಸುಮ್ಮನಿರುವಿಕೆ ಹೇಗೆ ಅಂಟುತ್ತದೆ ಎಂಬುದನ್ನು ಅವರಿಗೆ ಮುಂದಿನ ಭೇಟಿಯಲ್ಲಿ ವಿವರಿಸಿದೆ. ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪ್ರಶ್ನಾವಳಿ ತುಂಬುತ್ತಿದ್ದವರ ಕೋಣೆಗೆ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ಶೇ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ಕೂರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರು ಜೊತೆಗಿದ್ದಾಗ ತಿಳಿಸಿದವರು ಶೇ 10 ಮಾತ್ರ. ಹೊಗೆ ಕಣ್ಣಿಗೆ ಕಾಣುತ್ತಿದ್ದರೂ ಪಕ್ಕದವರ ಮುಖ ನೋಡಿ ಕೂತುಬಿಟ್ಟರು. ಇದಕ್ಕೂ ಮುಂಚೆ, 1950ರ ದಶಕದಲ್ಲಿ, ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ ಗುಂಪು ಒಕ್ಕೊರಲಿನಿಂದ ತಪ್ಪು ಉತ್ತರ ಹೇಳಿದಾಗ ಹಲವರು ತಾವೂ ಅದನ್ನೇ ಹೇಳಿದ್ದರು. ಗುಂಪಿನಲ್ಲಿ ಒಬ್ಬರು ಸರಿಯುತ್ತರ ಹೇಳಿದರೂ ಸಾಕು, ಹಾಗೆ ಹಿಂಬಾಲಿಸುವುದು ಬಹಳ ಮಟ್ಟಿಗೆ ಇಳಿಯುತ್ತಿತ್ತು. ಆ ಒಬ್ಬರು ನೀವಾಗಬಹುದಿತ್ತು, ಮುಂದೆಯೂ ಆಗಬಹುದು ಎಂದೆ.

ಮೊದಲ ಸಲಹೆ, ಬರೆಯಿರಿ. ತಾರೀಖು, ಸಮಯ, ಯಾರು ಎಲ್ಲಿ ಕೂತಿದ್ದರು, ಆಡಿದ ಮಾತು ಆಡಿದ ಹಾಗೆಯೇ. ಅವರು ಬರೆದು ತಂದ ಹಾಳೆಯಲ್ಲಿ "ಮುಖ್ಯಸ್ಥರು ಅನುಚಿತವಾಗಿ ಮಾತನಾಡಿದರು, ಉಪಸ್ಥಿತರು ನಕ್ಕರು" ಎಂದಿತ್ತು. ಹಿಂದಿರುಗಿಸಿದೆ. ಆತ ಆಡಿದ ಮಾತೇ ಬೇಕು, ಉಪಸ್ಥಿತರಲ್ಲಿ ನಿಮ್ಮ ಹೆಸರೂ ಬೇಕು ಎಂದೆ. ಅಲ್ಲೇ ಕೂತು ಬರೆದರು. "ನಾನೂ ನಕ್ಕೆ" ಎಂಬ ಎರಡು ಪದಕ್ಕೆ ಎಷ್ಟೋ ನಿಮಿಷ ತೆಗೆದುಕೊಂಡರು. ಇದು ಕ್ರೌರ್ಯವಾಯಿತು ಎಂದು ಒಬ್ಬ ಸಹೋದ್ಯೋಗಿ ನನ್ನನ್ನು ಆಕ್ಷೇಪಿಸಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಪಾಲನ್ನು ಬಚ್ಚಿಟ್ಟ ಸಾಕ್ಷ್ಯ ವಿಚಾರಣೆಯ ಮೊದಲ ಪ್ರಶ್ನೆಗೇ ಕುಸಿಯುತ್ತದೆ. ಆಗ ಏಟು ಬೀಳುವುದು ಮತ್ತೆ ಆಕೆಗೇ.

ಎರಡನೆಯದು, ಆಕೆಯನ್ನು ಕೇಳದೆ ಆಕೆಯ ಹೆಸರಿನಲ್ಲಿ ಏನನ್ನೂ ಮಾಡಕೂಡದು. ಮೊದಲು ಆಕೆಗೊಂದು ಸಂದೇಶ. ಅದರಲ್ಲಿ ಕ್ಷಮೆ ಕೇಳಬೇಡಿ ಎಂದೂ ಹೇಳಿದೆ. ಅವರಿಗೆ ಅಚ್ಚರಿಯಾಯಿತು. ಕ್ಷಮೆ ಕೇಳಿದರೆ ಪರವಾಗಿಲ್ಲ ಬಿಡಿ ಎಂದು ಸಮಾಧಾನ ಹೇಳುವ ಹೊರೆ ಆಕೆಯ ಮೇಲೆ ಬೀಳುತ್ತದೆ. ಬೇಕೆನಿಸಿದರೆ ಆಕೆಯೇ ಆ ವಿಷಯ ಎತ್ತಲಿ. ಕೊನೆಗೆ ಕಳುಹಿಸಿದ್ದು ಇಷ್ಟು: "ಆ ದಿನ ಆತ ಆಡಿದ್ದನ್ನು ನಾನು ಕೇಳಿದ್ದೇನೆ. ಅದು ತಪ್ಪು. ನಾನೂ ನಕ್ಕಿದ್ದು ತಪ್ಪು. ನೀವು ಯಾವಾಗ ಬಯಸಿದರೂ ಇದನ್ನು ಬರೆದುಕೊಡುತ್ತೇನೆ. ಉತ್ತರಿಸಲೇಬೇಕೆಂದಿಲ್ಲ."

ಈ ನಡುವೆ ದೂರನ್ನು ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು ಎಂದು ನಿಯಮಾವಳಿಯಲ್ಲಿ ನೋಡಿಟ್ಟುಕೊಳ್ಳಲು ಹೇಳಿದೆ. ಗಡುವು ಕಳೆದ ಮೇಲೆ ಧೈರ್ಯ ಬಂದವರನ್ನು ನಾನು ಕಂಡಿದ್ದೇನೆ, ಆ ಸಂಕಟ ಬೇರೆಯೇ. ಕೊಟ್ಟದ್ದಕ್ಕೆಲ್ಲ ತಾರೀಖಿರುವ ಸ್ವೀಕೃತಿ ಪಡೆಯಬೇಕು. ಸೇಡಿನ ಭಯ ಅವರಿಗಿತ್ತು, ಅದು ಹುಸಿ ಭಯವೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ, ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಕುರಿತ 190ನೆಯ ಒಡಂಬಡಿಕೆ, ದೂರು ಕೊಟ್ಟವರಿಗಷ್ಟೇ ಅಲ್ಲದೆ ಸಾಕ್ಷಿಗಳಿಗೂ ಸೇಡಿನಿಂದ ರಕ್ಷಣೆ ಇರಬೇಕು ಎನ್ನುತ್ತದೆ. ಒಂದೇ ಬಾರಿ ನಡೆದದ್ದೂ ಕಿರುಕುಳವೇ ಆಗಬಹುದು ಎಂದೂ ಅದರಲ್ಲಿದೆ. ಅದು 2021ರಲ್ಲಿ ಜಾರಿಗೆ ಬಂದಿದೆ. ಒಪ್ಪಿಕೊಂಡ ದೇಶಗಳಿಗೆ ಮಾತ್ರ ಬದ್ಧವಾದರೂ, ನಿಮ್ಮ ಸಂಸ್ಥೆಯ ನಿಯಮದಲ್ಲಿ ಸಾಕ್ಷಿಗಳ ಬಗ್ಗೆ ಒಂದು ಸಾಲಾದರೂ ಇದೆಯೇ ಎಂದು ಕೇಳಲು ಅಷ್ಟು ಸಾಕು.

ಇದನ್ನು ಓದುತ್ತಿರುವ ಯಾರಾದರೂ ಇಂಥ ಸಭೆಗಳಲ್ಲಿ ಈಗಲೂ ಕೂರುತ್ತಿರಬಹುದು. ನೀವು ಭಾಷಣ ಮಾಡಬೇಕಿಲ್ಲ. "ಆ ಮಾತು ಬೇಡ ಸರ್, ಲೆಕ್ಕಕ್ಕೆ ಬರೋಣ" ಎಂದರೆ ಸಾಕು. ಹೊಟ್ಟೆಪಾಡು ಆ ಮನುಷ್ಯನ ಕೈಯಲ್ಲಿದ್ದು ಅಷ್ಟೂ ಆಗದಿದ್ದರೆ ನಾನು ಒತ್ತಾಯಿಸುವುದಿಲ್ಲ. ಆಗ ನಗಬೇಡಿ, ಅಷ್ಟೇ. ನಗದೇ ಇರುವುದು ಸಭೆಯಲ್ಲಿರುವ ಅತಿ ಕಿರಿಯ ನೌಕರನಿಗೂ ಸಾಧ್ಯ. ಸಭೆ ಮುಗಿದ ಮೇಲೆ, ಆ ಮಾತಿಗೆ ಗುರಿಯಾದವರು ಒಬ್ಬರೇ ಇರುವಾಗ ಅವರ ಬಳಿ ಹೋಗಿ, "ನಾನು ಕೇಳಿಸಿಕೊಂಡೆ, ನನ್ನಿಂದ ಏನಾಗಬೇಕು ಹೇಳಿ" ಎನ್ನಿ.

ಒಂಬತ್ತು ದಿನ ಆಕೆಯಿಂದ ಉತ್ತರ ಬರಲಿಲ್ಲ. ಅಷ್ಟೂ ದಿನ ಅವರು ಎರಡು ಗಂಟೆಗೆ ಏಳುತ್ತಿದ್ದರು, ಎದ್ದು ಮೊಬೈಲ್ ನೋಡುತ್ತಿದ್ದರು. ಹತ್ತನೆಯ ದಿನ ಒಂದು ಸಾಲು ಬಂತು. ಅದರಲ್ಲಿ ಧನ್ಯವಾದವೂ ಇರಲಿಲ್ಲ, ದೂಷಣೆಯೂ ಇರಲಿಲ್ಲ. "ಆ ಸಭೆಯ ತಾರೀಖು ನಿಮಗೆ ನೆನಪಿದೆಯೇ?"

ತಾರೀಖು ಹಾಳೆಯ ಮೊದಲ ಸಾಲಿನಲ್ಲೇ ಇತ್ತು. ಅದೇ ನಿಮಿಷ ಕಳುಹಿಸಿದರು.