ಗಲ್ಲಾ ಲೆಕ್ಕ ತಪ್ಪಿದರೆ ಗಲ್ಲಾಪೆಟ್ಟಿಗೆಗೆ ಬೈತೀರಾ?

ಪ್ರಶ್ನೆ: 3 ವರ್ಷದ ಹಿಂದೆ ಡೊಂಬಿವಲಿಯಲ್ಲಿ ಪಾಲುದಾರಿಕೆಯಲ್ಲಿ ಹೋಟೆಲ್ ಹಾಕಿ ಕೈ ಸುಟ್ಟುಕೊಂಡೆ. ಈಗ ಬೇರೆಯವರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ದಿನಾ ರಾತ್ರಿ ‘ನೀನು ದಡ್ಡ, ನಿನ್ನಿಂದ ಏನೂ ಆಗಲ್ಲ’ ಅಂತ ಆತ್ಮವಿಮರ್ಶೆ ಮಾಡಿಕೊಳ್ಳುತ್ತೇನೆ. ಗಾಂಧೀಜಿಯೇ ತಮ್ಮ ತಪ್ಪು ಹಿಮಾಲಯದಷ್ಟು ದೊಡ್ಡದು ಅಂದಿದ್ದರಲ್ಲ, ನಾನು ಇನ್ನೂ ಕಠಿಣವಾಗಬೇಕೇ?

ಬೇಡ ಮಾರಾಯ್ರೇ. ಈ ತಿಂಗಳು ಇಂಥದ್ದೇ ಮೂರನೇ ಪತ್ರ ಇದು. ಬೈದುಕೊಳ್ಳುವುದಕ್ಕೆ ಆತ್ಮವಿಮರ್ಶೆ ಅಂತ ದೊಡ್ಡ ಹೆಸರು ಯಾಕೆ?

ಗಾಂಧಿಯನ್ನು ಎಳೆದು ತಂದಿರಲ್ಲ, ಪೂರ್ತಿ ಕೇಳಿ. 1919ರ ಏಪ್ರಿಲ್‌ನಲ್ಲಿ ರೌಲಟ್ ಕಾಯ್ದೆ ವಿರುದ್ಧದ ಸತ್ಯಾಗ್ರಹದ ಹೊತ್ತಿಗೆ ಅಹಮದಾಬಾದಿನಲ್ಲಿ ಗಲಭೆಯಾಯಿತು. ಅವರು ಒಪ್ಪಿಕೊಂಡ ತಪ್ಪು ಇಷ್ಟೇ: ಜನ ತಯಾರಾಗುವ ಮೊದಲೇ ಕಾನೂನು ಮುರಿಯಲು ಕರೆದುಬಿಟ್ಟೆ. 3 ದಿನ ಉಪವಾಸ ಮಾಡಿದರು. ಸತ್ಯಾಗ್ರಹ ನಿಲ್ಲಿಸಿದರು. ಆಮೇಲೆ ನಮ್ಮ ಮುಂಬೈಗೇ ಬಂದು, ಸ್ವಯಂಸೇವಕರನ್ನು ಸೇರಿಸಿ, ಕರಪತ್ರ ಹಂಚಿ, ಸತ್ಯಾಗ್ರಹ ಅಂದರೇನು ಅಂತ ಜನರಿಗೆ ಹೇಳಿಕೊಡಲು ಶುರು ಮಾಡಿದರು. ಅವರ ಪ್ರಾಯಶ್ಚಿತ್ತ 3 ದಿನಕ್ಕೆ ಮುಗಿಯಿತು, ನಿಮ್ಮದು 3 ವರ್ಷ ಆದರೂ ಮುಗಿದಿಲ್ಲ!

ರಾತ್ರಿ ಗಲ್ಲಾದಲ್ಲಿ 500 ರೂಪಾಯಿ ಕಡಿಮೆ ಬಂದರೆ ಯಾವ ಬಿಲ್ ತಪ್ಪಿತು ಅಂತ ಹುಡುಕುತ್ತೀರಿ ಅಲ್ವಾ? ಇಲ್ಲೂ ಹಾಗೇ ಹುಡುಕಿ. ಪಾಲುದಾರನ ಲೆಕ್ಕಪುಸ್ತಕ ನೋಡುವುದನ್ನು ಯಾವ ತಿಂಗಳು ಬಿಟ್ಟಿರಿ? ಕೇಳಲು ಸಂಕೋಚವಾಯಿತೇ, ‘ನಮ್ಮೂರಿನವನು’ ಅಂತ ಬಿಟ್ಟಿರಾ? ಏನಾಯಿತು, ಅದರಲ್ಲಿ ನನ್ನ ಪಾಲೆಷ್ಟು, ಮುಂದಿನ ಸಲ ಏನು ಮಾಡ್ತೀನಿ. ಮೂರೇ ಸಾಲು ಬರೆಯಿರಿ, ಅದೂ ಬೆಳಿಗ್ಗೆ. ಮೊದಲೆಲ್ಲ ನಾನು ಎಲ್ಲರಿಗೂ ಡೈರಿ ಬರೆಯಿರಿ ಅಂತಿದ್ದೆ, ಒಬ್ಬರು ನೂರು ಪುಟ ಬರೀ ಬೈಗುಳ ತುಂಬಿಸಿಕೊಂಡು ಬಂದ ಮೇಲೆ ಆ ಸಲಹೆ ಕೊಡುವುದನ್ನೇ ಬಿಟ್ಟೆ.

ಬೈದುಕೊಳ್ಳದಿದ್ದರೆ ಸೋಮಾರಿ ಆಗ್ತೀನಿ ಅನ್ನುವ ಭಯವೂ ಸುಳ್ಳು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಷ್ಟದ ಪರೀಕ್ಷೆಯಲ್ಲಿ ಎಡವಿದ ಮೇಲೆ ತಮ್ಮ ಬಗ್ಗೆ ಸ್ವಲ್ಪ ಕರುಣೆ ತೋರಿಸಿಕೊಂಡ ವಿದ್ಯಾರ್ಥಿಗಳೇ ಮುಂದಿನ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದರು.

ಆದರೆ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, ‘ನಾನು ಯಾವುದಕ್ಕೂ ಬೇಡ’ ಅನ್ನುವುದು ಎರಡು ವಾರ ಬಿಡದೆ ಕಾಡಿದರೆ ಅದು ಖಿನ್ನತೆ ಇರಬಹುದು. ಆಗ ಮೂರು ಸಾಲೂ ಬೇಡ, ಮನೋವೈದ್ಯರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಪುಣೆಯ ಒಂದು ಶಿಬಿರದಲ್ಲಿ 21 ದಿನ ಕನ್ನಡಿ ಮುಂದೆ ನಿಂತು ‘ನಾನೇ ಶ್ರೇಷ್ಠ’ ಅನ್ನಲು ಹೇಳಿದ್ದಾರೆ. ಫಲ ಸಿಗುತ್ತದೆಯೇ?

ಫೀಸು ತಗೊಂಡವರಿಗೆ ಆಗಲೇ ಸಿಕ್ಕಿದೆ.

ಪ್ರಶ್ನೆ: ಮಗನಿಗೆ ಆತ್ಮವಿಮರ್ಶೆ ಕಲಿಸಲು ನೆಂಟರೆದುರು ತಪ್ಪು ಒಪ್ಪಿಸುತ್ತೇನೆ. ಸರಿಯೇ?

ಅವನು ಕಲಿಯುವುದು ಸುಳ್ಳು ಹೇಳುವುದನ್ನು. ಮೊದಲು ನಿಮ್ಮದೊಂದು ತಪ್ಪನ್ನು ಅವನೆದುರು ಒಪ್ಪಿಕೊಳ್ಳಿ, ನೆಂಟರನ್ನು ಕರೆಯಬೇಡಿ.