ಯಂತ್ರ ಒಂದು, ಯಜಮಾನರು ಮೂವರು

ಓದುಗರ ಪ್ರಶ್ನೆಗಳಿಗೆ ಗೋಣಿಕೊಪ್ಪಲಿನ ಕಾಫಿಪುಡಿ ಅಂಗಡಿಯಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತನ್ನು ಕೇಳುತ್ತಿವೆ: ಬೇರೆಯವರ ಜೊತೆ ಸೇರಿ ವ್ಯಾಪಾರ ಮಾಡಬಹುದೇ? ಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟು ಇರಲಿಲ್ಲ, ಹುರಿಯುವ ಕೆಲಸವೂ ನಿಂತಿತ್ತು. ಆದ್ದರಿಂದ ಮೊದಲ ಪತ್ರಕ್ಕೆ ಸಾವಧಾನವಾಗಿ ಬರೆದಿದ್ದೇನೆ.

*

ಪ್ರಶ್ನೆ: ಬಿ.ಕಾಂ. ಮುಗಿಸಿ, ಸ್ವಉದ್ಯೋಗ ತರಬೇತಿಯನ್ನೂ ಪಡೆದಿದ್ದೇನೆ. ಕಾಫಿ ಬೀಜ ಕೊಂಡು, ಹುರಿಸಿ, ಪುಡಿ ಮಾಡಿ ಮಾರುತ್ತೇನೆ. ಬೀಜಕ್ಕೆ ಕಿಲೋಗೆ 400 ರೂಪಾಯಿ, ಕೂಲಿ ಮತ್ತು ಪ್ಯಾಕೆಟ್ ಸೇರಿ 60, ಮಾರುವುದು 500ಕ್ಕೆ. 40 ರೂಪಾಯಿ ಉಳಿಯುತ್ತದೆ. ಒಬ್ಬ ಗೆಳತಿ ಜೇನು ಮಾರುತ್ತಾಳೆ, ಇನ್ನೊಬ್ಬಳದು ಹೋಮ್‌ಸ್ಟೇ. ಮೂವರೂ ಸೇರಿ ಒಂದೇ ಹೆಸರು, ಒಂದೇ ಖಾತೆ, ಲಾಭದಲ್ಲಿ ಸಮಪಾಲು ಎಂದುಕೊಂಡಿದ್ದೇವೆ. ಮುಂದುವರಿಯಬಹುದೇ?
— ಸೋಮವಾರಪೇಟೆ ಕಡೆಯ ಓದುಗರು

ಉತ್ತರ: ತಂಗೀ, ಗೆಳತಿಯರ ವಿಚಾರ ಆಮೇಲೆ. ಮೊದಲು ಆ 40 ರೂಪಾಯಿಯನ್ನು ಹುಡುಕೋಣ, ಏಕೆಂದರೆ ಅದು ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿ ಇಲ್ಲ.

ಹತ್ತು ಕಿಲೋ ಬೀಜ ಹುರಿಯಲು ಹಾಕಿದರೆ ಹತ್ತು ಕಿಲೋ ಹೊರಗೆ ಬರುವುದಿಲ್ಲ. ನೀರಿನಂಶ ಆರಿ, ಸಿಪ್ಪೆ ಹಾರಿ, ತೂಕದಲ್ಲಿ ನೂರಕ್ಕೆ 15ರಿಂದ 20ರಷ್ಟು ಕಡಿಮೆಯಾಗುತ್ತದೆ. ಕಪ್ಪಗೆ ಹುರಿದಷ್ಟೂ ಹೆಚ್ಚು. ನನ್ನ ಯಂತ್ರದಲ್ಲಿ ಹತ್ತಕ್ಕೆ ಎಂಟು ಕಿಲೋ ಮುನ್ನೂರು ಗ್ರಾಂ ಸಿಗುತ್ತದೆ. ಆದ್ದರಿಂದ ಬೀಜಕ್ಕೆ ಕೊಟ್ಟ 4,000 ರೂಪಾಯಿಯನ್ನು ಹತ್ತರಿಂದಲ್ಲ, 8.3ರಿಂದ ಭಾಗಿಸಬೇಕು. ಹುರಿದ ಬೀಜವೇ ಕಿಲೋಗೆ 482 ರೂಪಾಯಿ ಬಿತ್ತು. ಅದರ ಮೇಲೆ ನಿಮ್ಮ 60 ಸೇರಿಸಿದರೆ 542. ಮಾರುತ್ತಿರುವುದು 500ಕ್ಕೆ. ಪ್ರತಿ ಕಿಲೋ ಪುಡಿಯ ಜೊತೆ 42 ರೂಪಾಯಿಯನ್ನೂ ಗಿರಾಕಿಯ ಚೀಲಕ್ಕೆ ಹಾಕಿ ಕಳಿಸುತ್ತಿದ್ದೀರಿ. ಬೀಸುವ ಯಂತ್ರದ ಹೊಟ್ಟೆಯಲ್ಲಿ ಉಳಿಯುವ ಪುಡಿಯನ್ನು ನಾನಿನ್ನೂ ಹಿಡಿದಿಲ್ಲ, ನಿಮ್ಮ ದುಡಿಮೆಗೆ ಒಂದು ಪೈಸೆಯನ್ನೂ ಹಿಡಿದಿಲ್ಲ.

ಈ ಸ್ಥಿತಿಯಲ್ಲಿ ಮೂರು ಖಾತೆಗಳನ್ನು ಒಂದು ಮಾಡಿದರೆ ಜೇನಿನ ಲಾಭ ಕಾಫಿಯ ನಷ್ಟವನ್ನು ಮುಚ್ಚುತ್ತದೆ. ವರ್ಷದ ಮಟ್ಟಿಗೆ ಎಲ್ಲರೂ ಸಂತೋಷವಾಗಿರುತ್ತೀರಿ. ಆಮೇಲೆ ಜೇನಿನ ಗೆಳತಿ ಒಂದು ದಿನ ಕುಳಿತು ಲೆಕ್ಕ ಹಾಕುತ್ತಾಳೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ನಾನು, ನನ್ನ ಓರಗಿತ್ತಿ ಮತ್ತು ಪಕ್ಕದ ತೋಟದ ಅಕ್ಕ ಸೇರಿ ಹುರಿಯುವ ಹಳೆಯ ಯಂತ್ರವೊಂದನ್ನು ಕೊಂಡೆವು. ಮೂರು ಸಮಪಾಲು. ಕಾಗದ ಪತ್ರ ಏನೂ ಇಲ್ಲ. ಮನೆಯವರೊಳಗೆ ಕಾಗದವೇ ಎಂದು ನಾನೇ ನಕ್ಕಿದ್ದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೆಯ ಡಿಸೆಂಬರ್‌ನಲ್ಲಿ, ಮಡಿಕೇರಿಯಲ್ಲಿ ಪ್ರವಾಸಿಗರು ತುಂಬಿ ತುಳುಕುತ್ತಿದ್ದ ವಾರದಲ್ಲೇ, ಯಂತ್ರದ ಡ್ರಮ್ ತಿರುಗುವ ದಂಡ ಮುರಿಯಿತು. ರಿಪೇರಿಯ ಖರ್ಚನ್ನೂ ಮೂರು ಪಾಲು ಮಾಡೋಣ ಎಂದೆ. ಓರಗಿತ್ತಿ, "ನೀವು ತಿಂಗಳಿಗೆ ಮುನ್ನೂರು ಕಿಲೋ ಹುರಿಯುತ್ತೀರಿ, ನಾನು ನಲವತ್ತು. ಸವೆಸಿದ್ದು ಯಾರು?" ಎಂದಳು. ಪಕ್ಕದ ತೋಟದ ಅಕ್ಕ ಆ ತಿಂಗಳು ಯಂತ್ರವನ್ನೇ ಮುಟ್ಟಿರಲಿಲ್ಲ. ಮೂವರದೂ ಸರಿ. ಸರಿಯಾದ ಮೂರು ಮಾತುಗಳ ನಡುವೆ ಯಂತ್ರ ಮಳೆಗಾಲದವರೆಗೆ ತುಕ್ಕು ಹಿಡಿಯುತ್ತಾ ನಿಂತಿತು, ಕೊನೆಗೆ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋಯಿತು. ಮೂರು ವರ್ಷ ಮದುವೆ ಮನೆಗಳಲ್ಲಿ ನಾನೂ ಓರಗಿತ್ತಿಯೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕುಳಿತೆವು.

ಈಗ ಅದೇ ಓರಗಿತ್ತಿ ನನ್ನ ಯಂತ್ರದಲ್ಲೇ ಹುರಿಸುತ್ತಾಳೆ. ಯಂತ್ರ ನನ್ನದು, ರಿಪೇರಿ ನನ್ನದು. ಅವಳು ಕಿಲೋಗೆ ಇಷ್ಟು ಎಂದು ಕೂಲಿ ಕೊಡುತ್ತಾಳೆ. ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಐದು ಗೆರೆ ಎಳೆದಿದ್ದೇವೆ: ದಿನಾಂಕ, ಹೆಸರು, ಒಳಗೆ ಹೋದ ತೂಕ, ಹೊರಗೆ ಬಂದ ತೂಕ, ಸಹಿ. ಈ ಪುಸ್ತಕ ಬಂದ ಮೇಲೆ ನಾವಿಬ್ಬರೂ ಜಗಳವಾಡುವುದು ಹಬ್ಬದ ಅಡುಗೆಯ ವಿಷಯಕ್ಕೆ ಮಾತ್ರ.

ನಿಮಗೆ ನನ್ನ ಸಲಹೆ: ಮೂರು ವ್ಯಾಪಾರ ಮೂರಾಗಿಯೇ ಇರಲಿ, ಒಂದು ಸರಕಿನಲ್ಲಿ ಮಾತ್ರ ಸೇರಿ. ಕಾಲು ಕಿಲೋ ಕಾಫಿ, ಒಂದು ಸಣ್ಣ ಬಾಟಲಿ ಜೇನು, ಬೇಕಾದರೆ ಯಾರಿಂದಲಾದರೂ ಕೊಂಡ ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ) ಇಟ್ಟು ಉಡುಗೊರೆ ಪೆಟ್ಟಿಗೆ ಮಾಡಿ, ಹೋಮ್‌ಸ್ಟೇಯಿಂದ ಹೊರಡುವ ಅತಿಥಿಗಳಿಗೆ ಮಾರಿ. ಶುರು ಮಾಡುವ ಮುನ್ನ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಮಾರಾಟವಾಗದೆ ಉಳಿದದ್ದನ್ನು ಯಾರು ವಾಪಸು ಪಡೆಯುತ್ತಾರೆ? ಬಾಟಲಿ ಒಡೆದರೆ ಯಾರ ತಲೆಗೆ? ಹೋಮ್‌ಸ್ಟೇಯವರಿಗೆ ಪೆಟ್ಟಿಗೆಗೆ ಎಷ್ಟು ಕಮಿಷನ್, ಹಣ ಯಾವ ವಾರ ಕೈ ಸೇರುತ್ತದೆ? ಒಬ್ಬರು ಬಿಡುತ್ತೇನೆ ಎಂದರೆ ಹೆಸರು ಯಾರ ಬಳಿ ಉಳಿಯುತ್ತದೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಟ್ರೇಡ್‌ಮಾರ್ಕ್ ನೋಂದಣಿ ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಯಾರ ಹೆಸರಿನಲ್ಲಿ ಮಾಡಿಸುತ್ತೀರೋ ಹೆಸರು ಅವರದು.

ಪಾಲುದಾರಿಕೆಯೇ ಬೇಕೆಂದು ಮೂವರೂ ಹಟ ಹಿಡಿದರೆ ಒಂದು ಮಾತು ತಿಳಿದಿರಲಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರೂ ಪೂರ್ತಿ ಹೊಣೆ. ನನ್ನ ಮೂರನೇ ಒಂದು ಪಾಲು ಮಾತ್ರ ಕೊಡುತ್ತೇನೆ ಎಂದು ಬ್ಯಾಂಕಿನ ಮುಂದೆ ಹೇಳುವಂತಿಲ್ಲ. ಹೊಣೆಗೆ ಮಿತಿ ಇರಬೇಕಾದರೆ 2008ರ ಕಾಯ್ದೆಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಇದೆ. ಅದಕ್ಕೆ ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸುವ ಖರ್ಚು ಇದೆ. ತಿಂಗಳಿಗೆ ಇಪ್ಪತ್ತು ಪೆಟ್ಟಿಗೆ ಮಾರುವವರಿಗೆ ಅದು ಭಾರ.

ಮತ್ತೆ, ಪೆಟ್ಟಿಗೆಯ ಮೇಲೆ "ಕೊಡಗು ಅರೇಬಿಕಾ" ಎಂದು ಅಚ್ಚು ಹಾಕಿಸುವ ಮೊದಲು ಎರಡು ಸಲ ಯೋಚಿಸಿ. 2019ರಲ್ಲಿ ಆ ಹೆಸರಿಗೆ ಭೌಗೋಳಿಕ ಸೂಚಕದ, ಅಂದರೆ ಆ ಪ್ರದೇಶದ ಸರಕಿಗೆ ಮಾತ್ರ ಆ ಹೆಸರು ಎಂಬ, ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅದನ್ನು ಹಾಕುವಂತಿಲ್ಲ. ರೋಬಸ್ಟಾ ಎಂಬ ಬೇರೆ ಜಾತಿಯ ಕಾಫಿ ತುಂಬಿ ಆ ಹೆಸರು ಹಾಕುವುದಂತೂ ಗಿರಾಕಿಗೆ ಮಾಡುವ ಮೋಸ. ಚಿಕೋರಿ ಬೆರೆಸುವವರಾದರೆ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ನಮೂದಿಸಲೇಬೇಕು.

*

ಪ್ರಶ್ನೆ: ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯ ಉಪನ್ಯಾಸಕ. ಉದ್ಯಮಿಯ ಹತ್ತು ಗುಣಗಳನ್ನು ಬರೆಯಿರಿ ಎಂದರೆ ಮಕ್ಕಳು ಹನ್ನೆರಡು ಬರೆಯುತ್ತಾರೆ. ಆದರೆ ಒಬ್ಬರಿಗೂ ವ್ಯಾಪಾರದ ಧೈರ್ಯ ಇಲ್ಲ. ಏನು ಮಾಡಿಸಬಹುದು?
— ವಿರಾಜಪೇಟೆ ತಾಲ್ಲೂಕಿನ ಓದುಗರು

ಉತ್ತರ: ಮೇಷ್ಟ್ರೇ, ಧೈರ್ಯ ಗುಣಗಳ ಪಟ್ಟಿಯಲ್ಲಿದೆ, ಆದ್ದರಿಂದ ಅದಕ್ಕೆ ಅಂಕ ಬಿತ್ತು, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಅಮೆರಿಕದಲ್ಲಿ ಪ್ರಾಧ್ಯಾಪಕಿಯಾಗಿರುವ ಭಾರತ ಮೂಲದ ಸಾರಸ್ ಸರಸ್ವತಿ ಎಂಬವರು ಅನುಭವಿ ಉದ್ಯಮಿಗಳು 27 ಮಂದಿಗೆ ಒಂದೇ ಕಾಲ್ಪನಿಕ ಸರಕನ್ನು ಕೊಟ್ಟು, ಅದನ್ನು ಹೇಗೆ ವ್ಯಾಪಾರ ಮಾಡುತ್ತೀರಿ ಎಂಬುದನ್ನು ಬಾಯಿಬಿಟ್ಟು ಯೋಚಿಸುತ್ತಾ ಹೇಳಿ ಎಂದು ಕೇಳಿ ದಾಖಲಿಸಿದರು. ಅದರ ಮೇಲೆ ಕಟ್ಟಿದ ವಿಚಾರವನ್ನು 2001ರಲ್ಲಿ ಪ್ರಕಟಿಸಿದರು. ನುರಿತವರು "ಎಷ್ಟು ಲಾಭ ಬರಬಹುದು" ಎಂದು ಶುರು ಮಾಡುವುದಿಲ್ಲವಂತೆ. ಕೈಯಲ್ಲಿ ಏನಿದೆ, ಯಾರು ಗೊತ್ತು, ಎಷ್ಟು ಹೋದರೂ ತಡೆದುಕೊಳ್ಳಬಲ್ಲೆ ಎಂದು ಶುರು ಮಾಡುತ್ತಾರೆ. ಜೊತೆಗೆ ಬರಲು ಒಪ್ಪಿದವರನ್ನು ನೋಡಿಕೊಂಡು ಗುರಿಯನ್ನೇ ತಿದ್ದಿಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸಂತೆಗೆ ಬರುವ ಸೊಪ್ಪಿನ ಅಜ್ಜಿಯರು.

ನಾನು ಪಾಠಕ್ಕೆ ಹೋಗುವ ಒಂದು ಕಾಲೇಜಿನಲ್ಲಿ ಮಕ್ಕಳನ್ನು ಆರಾರು ಮಂದಿಯ ತಂಡ ಮಾಡಿ, ತಂಡಕ್ಕೆ 600 ರೂಪಾಯಿ ಕೊಟ್ಟು, ಮಡಿಕೇರಿಯ ಶುಕ್ರವಾರದ ಸಂತೆಗೆ ಬಿಟ್ಟೆವು. ಹಣ ಕಳೆದರೂ ಬೈಯುವುದಿಲ್ಲ, ಲೆಕ್ಕ ಕಳೆದರೆ ಬೈಯುತ್ತೇವೆ ಎಂಬುದೊಂದೇ ನಿಯಮ. ಒಂದು ತಂಡ ಮೇಜು ಹಾಕಿ ನಿಂಬೆಹಣ್ಣಿನ ಶರಬತ್ತು ಮಾಡಿತು, ಲೋಟ ತರುವುದನ್ನು ಮರೆತಿತ್ತು. ಪಕ್ಕದ ತಂಡ ಬೇಯಿಸಿದ ಕಡಲೆಕಾಯಿ ತಂದಿತ್ತು, ಕಾಗದದ ಲೋಟ ನೂರು ಇದ್ದವು, ಆದರೆ ಕುಳಿತುಕೊಳ್ಳಲು ಜಾಗವಿಲ್ಲದೆ ದಾರಿಯ ಮಧ್ಯೆ ನಿಂತಿದ್ದರು. ಹತ್ತೂವರೆಯ ಹೊತ್ತಿಗೆ ಎರಡೂ ತಂಡ ಒಂದೇ ಮೇಜಿನ ಹಿಂದೆ ಇದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ. ಲೋಟಕ್ಕೆ ಎಷ್ಟು, ಮೇಜಿಗೆ ಎಷ್ಟು ಎಂಬ ಚೌಕಾಸಿಗೆ ಅರ್ಧ ಗಂಟೆ ಹಿಡಿಯಿತು. ಮೇಜಿನ ತಂಡದ ಹುಡುಗಿಯೊಬ್ಬಳು ನಿಂಬೆಹಣ್ಣಿನ ಚೀಟಿಯ ಹಿಂಭಾಗದಲ್ಲಿ ಬರೆದು ಎರಡೂ ಕಡೆಯವರಿಂದ ಸಹಿ ಹಾಕಿಸಿಕೊಂಡಳು. ಆ ಚೀಟಿಯನ್ನು ನಾನು ಇಟ್ಟುಕೊಂಡಿದ್ದೇನೆ. ನನ್ನ ಯಂತ್ರದ ಕಾಲಕ್ಕೆ ಅವಳು ಇರಬೇಕಿತ್ತು.

ಮಕ್ಕಳಲ್ಲಿ ಯಾರಾದರೂ ನಿಜವಾಗಿ ಹೊರಟರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಕಳಿಸಿ. ಊಟ ವಸತಿ ಸೇರಿ ಉಚಿತ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ತೆರೆದ ರುಡ್‌ಸೆಟ್ ಇವುಗಳಿಗೆಲ್ಲ ಮಾದರಿ. ಧರ್ಮಸ್ಥಳಕ್ಕೆ ಸಾಲ ಕೊಡುವ ಕಸುಬಿಲ್ಲದಿದ್ದ ಕಾಲ ಅದು, ಬ್ಯಾಂಕಿಗೆ ಕಲಿಸುವ ಕಸುಬಿರಲಿಲ್ಲ.

*

ಪ್ರಶ್ನೆ: ಎರಡು ಎಕರೆ ರೋಬಸ್ಟಾ ಇದೆ. ವರ್ಷಕ್ಕೆ ನಲವತ್ತು ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಆಗುತ್ತದೆ. ರೈತ ಉತ್ಪಾದಕರ ಕಂಪನಿಗೆ ಷೇರು ಹಣ ಕಟ್ಟಿ ಎಂದು ಊರಿನವರು ಒತ್ತಾಯಿಸುತ್ತಿದ್ದಾರೆ. ದೊಡ್ಡ ಬೆಳೆಗಾರರು ಸೇರಿದರೆ ನಮ್ಮ ಮಾತು ನಡೆಯುತ್ತದೆಯೇ?
— ನಾಪೋಕ್ಲು ಕಡೆಯ ಓದುಗರು

ಉತ್ತರ: ಮತದ ಮಟ್ಟಿಗೆ ನಡೆಯುತ್ತದೆ ಅಣ್ಣಾ. ವ್ಯಕ್ತಿಗಳೇ ಸದಸ್ಯರಾಗಿರುವ ಉತ್ಪಾದಕರ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. 2002ರ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ಹತ್ತು ಮಂದಿ ಬೆಳೆಗಾರರು ಸೇರಿದರೆ ನೋಂದಾಯಿಸಬಹುದು. ಲಾಭದಲ್ಲಿ ಬೋನಸ್ ಹಂಚುವುದು ಕಂಪನಿಯ ಮೂಲಕ ಯಾರು ಎಷ್ಟು ವ್ಯವಹಾರ ಮಾಡಿದರು ಎಂಬುದರ ಮೇಲೆ. ಸಹಕಾರ ನಮಗೆ ಹೊಸದೂ ಅಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತ್ತು.

ನಾನಾದರೆ ಮತಕ್ಕಿಂತ ತಕ್ಕಡಿಯ ಬಗ್ಗೆ ಕೇಳುತ್ತೇನೆ. ಔಟ್‌ಟರ್ನ್ ನಿಮಗೆ ಗೊತ್ತಿರುವುದೇ: 50 ಕಿಲೋ ಒಣ ಚೆರಿಯಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಅಂಕಿ. 26 ಬರಬೇಕಾದಲ್ಲಿ 25 ಎಂದು ಬರೆದರೆ ಚೀಲಕ್ಕೆ ಒಂದು ಕಿಲೋ, ನಿಮ್ಮ ನಲವತ್ತು ಚೀಲಕ್ಕೆ ನಲವತ್ತು ಕಿಲೋ ಬೀಜ ಬಾಯಿಮಾತಿನಲ್ಲೇ ಹೋಯಿತು. ಆದ್ದರಿಂದ ಷೇರು ಹಣ ಕಟ್ಟುವ ಮೊದಲು ಆ ಕಂಪನಿಯ ಗೋದಾಮಿಗೆ ಹೋಗಿ ನಿಲ್ಲಿ. ಮಾದರಿಯನ್ನು ಯಾವ ಚೀಲದಿಂದ, ಯಾರು ತೆಗೆಯುತ್ತಾರೆ? ತೇವಾಂಶ ಅಳೆಯುವ ಯಂತ್ರದ ಅಂಕಿಯನ್ನು ರೈತನಿಗೆ ತೋರಿಸುತ್ತಾರೆಯೇ? ಸಣ್ಣ ಬೆಳೆಗಾರ ಕೈಯಲ್ಲಿ ಚೀಟಿ ಹಿಡಿದು ಹೊರಗೆ ಬರುತ್ತಿದ್ದರೆ ಹಣ ಕಟ್ಟಿ. ಎಲ್ಲವೂ ವಿಶ್ವಾಸದ ಮೇಲೆ ಎಂದು ಯಾರಾದರೂ ಬೆನ್ನು ತಟ್ಟಿದರೆ ಚಹಾ ಕುಡಿದು ಮನೆಗೆ ಬನ್ನಿ.

*

ಪ್ರಶ್ನೆ: ಪಕ್ಕದ ಹೋಮ್‌ಸ್ಟೇಯವರು ಬಾಡಿಗೆ ಇಳಿಸಿ ಇಳಿಸಿ ನಮ್ಮನ್ನೂ ಮುಳುಗಿಸುತ್ತಿದ್ದಾರೆ. ಈ ಭಾಗದ ಹನ್ನೆರಡು ಹೋಮ್‌ಸ್ಟೇಯವರು ಸೇರಿ ಕನಿಷ್ಠ ದರ ನಿಗದಿ ಮಾಡಿದರೆ ಹೇಗೆ?
— ಮಡಿಕೇರಿ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಸ್ಪರ್ಧಿಗಳು ಒಟ್ಟಾಗಿ ದರ ಕಟ್ಟುವುದನ್ನು 2002ರ ಸ್ಪರ್ಧಾ ಕಾಯ್ದೆ ನಿಷೇಧಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದ ಒಪ್ಪಂದವೂ ಒಪ್ಪಂದವೇ. ಇನ್ನೂ ಒಂದು ವಿಷಯ: ಹನ್ನೆರಡರಲ್ಲಿ ಒಬ್ಬರು ಎರಡನೆಯ ವಾರವೇ ಹಿಂಬಾಗಿಲಿನಿಂದ ಇಳಿಸುತ್ತಾರೆ, ಅದು ನಿಮಗೂ ಗೊತ್ತು.

ದರ ಬಿಟ್ಟು ಖರ್ಚಿನಲ್ಲಿ ಸೇರಿ. ಮಳೆಗಾಲದಲ್ಲಿ ಹಾಸಿಗೆಯ ಹೊದಿಕೆ ಒಣಗದೆ ಹನ್ನೆರಡು ಮನೆಯವರೂ ಒದ್ದಾಡುತ್ತೀರಿ. ಒಂದು ಒಗೆಯುವ, ಒಣಗಿಸುವ ಘಟಕಕ್ಕೆ ತೂಕದ ಲೆಕ್ಕದಲ್ಲಿ ಕೊಡಿ. ನಿಮ್ಮಲ್ಲಿ ಕೋಣೆ ತುಂಬಿದಾಗ ಅತಿಥಿಯನ್ನು ಯಾರಿಗೆ ಕಳಿಸುತ್ತೀರಿ, ಅವರು ನಿಮಗೆ ಎಷ್ಟು ಕೊಡುತ್ತಾರೆ ಎಂದು ಗೊತ್ತು ಮಾಡಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಏನೂ ಆಗದ ಊರುಗಳ ಬುಕಿಂಗ್ ಕೂಡ ರದ್ದಾಗಿದ್ದನ್ನು ನಾನು ಕಂಡಿದ್ದೇನೆ. ಯಾವ ರಸ್ತೆ ತೆರೆದಿದೆ ಎಂದು ಅತಿಥಿಗಳಿಗೆ ದಿನವೂ ಒಟ್ಟಾಗಿ ತಿಳಿಸುವ ಏರ್ಪಾಡು ಅಂದು ಇರಲಿಲ್ಲ. ಅದಕ್ಕೆ ಕಾಯ್ದೆಯ ಅಡ್ಡಿಯಿಲ್ಲ.

*

ಪ್ರಶ್ನೆ: ಪುತ್ತರಿ ಹಬ್ಬ ಬಂತೆಂದರೆ ನೆಂಟರೆಲ್ಲ ಕಾಫಿಪುಡಿ, ಮೆಣಸು ಸಾಲಕ್ಕೆ ಒಯ್ಯುತ್ತಾರೆ. ಕೇಳಲು ಸಂಕೋಚ. ಏನು ಮಾಡಲಿ?
— ಪೊನ್ನಂಪೇಟೆಯ ಓದುಗರು

ಉತ್ತರ: ನಾನು ಹಬ್ಬಕ್ಕೆ ಮೊದಲೇ ಕಾಲು ಕಿಲೋದ ಇಪ್ಪತ್ತು ಪೊಟ್ಟಣಗಳನ್ನು ಬೇರೆ ಕಟ್ಟಿ, ಅವುಗಳ ಹಣವನ್ನು ನನ್ನ ಕೈಚೀಲದಿಂದ ಅಂಗಡಿಯ ಪೆಟ್ಟಿಗೆಗೆ ಹಾಕಿ, ಮನೆಯ ಕಪಾಟಿನಲ್ಲಿ ಇಟ್ಟುಬಿಡುತ್ತೇನೆ. ನೆಂಟರಿಗೆ ಕೊಡುವುದು ಅಲ್ಲಿಂದ, ಉಡುಗೊರೆಯಾಗಿ. ಅಂಗಡಿಗೆ ಬಂದು ಇನ್ನೂ ಒಂದು ಕಿಲೋ ಕೇಳಿದವರ ಮುಂದೆ ಬಿಲ್ಲು ಪುಸ್ತಕ ತೆರೆಯುತ್ತೇನೆ. ಹೋದ ವರ್ಷ ಹದಿನೇಳು ಪೊಟ್ಟಣ ಖರ್ಚಾದವು, ಮೂರು ನಾವೇ ಕುಡಿದೆವು.