ಓದುಗರ ಪ್ರಶ್ನೆ: ರ‍್ಯಾಲಿ ಆಯ್ತು, ಫೋಟೋ ಆಯ್ತು, ಮುಂದೇನು?

ಪ್ರಶ್ನೆ: ಸರ್, ನಾವೊಂದಷ್ಟು ಕಾಲೇಜ್ ಹುಡುಗ ಹುಡುಗೀರು ಸಿಟಿ ರಸ್ತೆಗಳ ಸುರಕ್ಷತೆಗೆ ಏನಾದ್ರೂ ಮಾಡ್ಬೇಕು ಅಂತಿದೀವಿ. ಆದ್ರೆ ನಮ್ಮನ್ನ ಕರೆಯೋದು ಬರೀ ರ‍್ಯಾಲಿಗೆ, ಪೋಸ್ಟರ್ ಸ್ಪರ್ಧೆಗೆ. ಮಾರನೇ ದಿನ ನೋಡಿದ್ರೆ ರಸ್ತೆ ಹಂಗೇ ಇರುತ್ತೆ. ನಮ್ಮಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?

ಉತ್ತರ: ಆಗುತ್ತೆ, ಆದ್ರೆ ಪ್ಲೇಕಾರ್ಡ್ ಪಕ್ಕಕ್ಕಿಟ್ಟು ಅಳತೆ ಟೇಪ್ ತಗೊಳ್ಳಿ. ಪ್ರಪಂಚದಲ್ಲಿ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಆದ್ರೂ ರಸ್ತೆ ಹೆಂಗಿರ್ಬೇಕು ಅಂತ ತೀರ್ಮಾನ ಮಾಡೋ ಮೀಟಿಂಗಲ್ಲಿ ಆ ವಯಸ್ಸಿನವ್ರು ಕೂತಿರೋದು ಅಪರೂಪ. ಘೋಷಣೆಗಳಿಗೇನೂ ಬರ ಇಲ್ಲ ಬಿಡಿ, 2007ರಲ್ಲೇ ಜಿನೀವಾದಲ್ಲಿ ರಸ್ತೆ ಸುರಕ್ಷತೆಗಂತಲೇ ಯುವಜನರ ವಿಶ್ವ ಸಭೆ ನಡೆದಿತ್ತು, 2020ರಲ್ಲಿ ಸ್ಟಾಕ್‌ಹೋಮಲ್ಲಿ ಇನ್ನೊಂದು.

ಇಡೀ ಸಿಟಿ ತಲೆಮೇಲೆ ಹೊತ್ಕೋಬೇಡಿ, ಒಂದು ಸ್ಕೂಲ್ ಮುಂದಿನ ರಸ್ತೆ ಸಾಕು. ಫುಟ್‌ಪಾತ್ ಮೇಲೆ 50 ಮೀಟರ್ ಅಳೆದು ಎರಡು ಗುರುತು ಹಾಕಿ, ಮೊಬೈಲ್ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತ್ಕೊಳ್ಳಿ. ಗಾಡಿ 6 ಸೆಕೆಂಡಲ್ಲಿ ದಾಟಿದ್ರೆ ಗಂಟೆಗೆ 30 ಕಿ.ಮೀ., 3.6 ಸೆಕೆಂಡಲ್ಲಿ ದಾಟಿದ್ರೆ 50. ಇದ್ಯಾಕೆ ಮುಖ್ಯ ಅಂದ್ರೆ, 50ರಲ್ಲಿ ಬರೋನು ಮಗು ಅಡ್ಡ ಬಂದಿದ್ದನ್ನ ನೋಡಿ ಬ್ರೇಕ್ ಒತ್ತೋ ಆ ಒಂದು ಸೆಕೆಂಡಲ್ಲೇ ಗಾಡಿ 14 ಮೀಟರ್ ಮುಂದೆ ಬಂದಿರುತ್ತೆ, ಅದೇ 30ರಲ್ಲಿ ಬರ್ತಿದ್ರೆ ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದ್ರೆ ಹೆಚ್ಚುಕಮ್ಮಿ ಅಷ್ಟೇ ದೂರದೊಳಗೆ ಪೂರ್ತಿ ನಿಂತೇಬಿಡುತ್ತೆ. "ಗಾಡಿಗಳು ಸ್ಪೀಡಾಗಿ ಬರ್ತವೆ ಸರ್" ಅಂದ್ರೆ ಅಧಿಕಾರಿ "ನೋಡೋಣ" ಅಂತಾರೆ, ಸ್ಕೂಲ್ ಬಿಡೋ ಹೊತ್ತಲ್ಲಿ ನೂರಕ್ಕೆ ಇಷ್ಟು ಗಾಡಿ 50 ದಾಟಿದ್ವು ಅಂತ ಶೀಟ್ ಮುಂದಿಟ್ರೆ ಹಂಗೆ ಅನ್ನೋದು ಕಷ್ಟ.

ಇನ್ನೊಂದು, ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನ ಬರ್ಕೊಳ್ಳಿ. ಪೊಲೀಸ್ ರೆಕಾರ್ಡಿಗೆ ಹೋಗೋದು ಆದ ಅಪಘಾತ, ಅದೂ ಎಲ್ಲವೂ ಅಲ್ಲ. ಕೂದಲೆಳೆಯಲ್ಲಿ ಬಚಾವಾದ ಜಾಗ ಎಲ್ಲೆಲ್ಲಿ ಅಂತ ದಿನಾ ನಡ್ಕೊಂಡು ಸೈಕಲಲ್ಲಿ ಓಡಾಡೋ ಮಕ್ಕಳಿಗೆ ಗೊತ್ತು, ಅದನ್ನ ಕೇಳಿ ಮ್ಯಾಪಲ್ಲಿ ಚುಕ್ಕೆ ಇಡೋ ಕೆಲಸ ನಿಮ್ಮದು.

ಆಮೇಲೆ ಕೇಳೋದನ್ನ ಗಟ್ಟಿಯಾಗಿ ಕೇಳಿ. ಜಾಗೃತಿ ಮೂಡಿಸಿ ಅಂತಲ್ಲ, ಇಂಥ ಕಡೆ ಎತ್ತರಿಸಿದ ಕ್ರಾಸಿಂಗ್ (ಉಬ್ಬಿನ ಮೇಲೆ ಜನ ದಾಟೋ ಜಾಗ), ಇಂಥ ತಿರುವು ಕಿರಿದು ಮಾಡಿ, ಇಷ್ಟು ದಿನದೊಳಗೆ ಲಿಖಿತ ಉತ್ತರ. ಮೊದಲು ಕೋನ್ ಇಟ್ಟು ಟ್ರಯಲ್ ಮಾಡಿ ಅಂದ್ರೆ ಒಪ್ಪಿಸೋದು ಸುಲಭ, ಟ್ರಯಲ್ ಆದ್ಮೇಲೆ ಮತ್ತೆ ನೀವೇ ಅಳೀರಿ. ಮಕ್ಕಳ ಮಾತಿಗೆಲ್ಲಿ ಬೆಲೆ ಅನ್ನೋರಿಗೆ ಆಮ್‌ಸ್ಟರ್‌ಡ್ಯಾಮ್ ಕಥೆ ಹೇಳಿ. 1970ರ ದಶಕದ ಶುರುವಲ್ಲಿ ನೆದರ್ಲೆಂಡ್ಸಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಮಕ್ಕಳು ರಸ್ತೇಲಿ ಸಾಯ್ತಿದ್ರು, ಆಗ ಅಪ್ಪ ಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಚಳವಳಿ ಕಟ್ಟಿದ್ರು, ಆದ್ರೆ ಆಮ್‌ಸ್ಟರ್‌ಡ್ಯಾಮಿನ ಡೆ ಪೈಪ್ ಅನ್ನೋ ಕಿಕ್ಕಿರಿದ ಬಡಾವಣೇಲಿ 1972ರಲ್ಲಿ ಮಕ್ಕಳೇ ಸಹಿ ಸಂಗ್ರಹ ಮಾಡಿ ತಮ್ಮ ಬೀದಿಗೆ ಗಾಡಿ ಬರದಂಗೆ ಅಡ್ಡಗಟ್ಟಿ ಆಟಕ್ಕೆ ಜಾಗ ಕೇಳಿದ್ರು. ಈಗ ಆ ದೇಶ ಸೈಕಲ್ಲಿಗೆ ಹೆಸರುವಾಸಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಗಾಡಿ ಎಣಿಸೋಕೆ ರಸ್ತೆಗೆ ಹೋಗ್ತೀನಿ ಅಂತಾಳೆ. ಕಳಿಸ್ಲಾ?

ಉತ್ತರ: ಕಳಿಸಿಯಮ್ಮ, ಫುಟ್‌ಪಾತ್ ಇಲ್ಲಾ ಕಾಂಪೌಂಡ್ ಒಳಗೆ ನಿಂತು ಎಣಿಸೋದಾದ್ರೆ, ಜೊತೆಗೆ ದೊಡ್ಡೋರು ಇದ್ರೆ. ಸೀಟಿ ಕೊಟ್ಟು ಟ್ರಾಫಿಕ್ ನಿಲ್ಸು ಅಂತ ಯಾರಾದ್ರೂ ಅಂದ್ರೆ ಮಾತ್ರ ಖಂಡಿತ ಬೇಡ ಅನ್ನಿ, ಅದು ಮಕ್ಕಳ ಕೆಲಸ ಅಲ್ಲ. ಡ್ರೈವರ್‌ಗಳ ಹತ್ರ ಜಗಳಕ್ಕೂ ಹೋಗೋದು ಬೇಡ.

ಪ್ರಶ್ನೆ: ವೀಲಿಂಗ್ ಮಾಡೋದೇ ಈ ಹುಡುಗ್ರು, ಅವರಿಂದ ಸುರಕ್ಷತೇನಾ?

ಉತ್ತರ: ಮಾಡೋರು ಕೆಲವ್ರು ಸ್ವಾಮಿ, ಅವರಿಗೆ ನೀವು ನಾನು ಹೇಳೋದಕ್ಕಿಂತ ಜೊತೆಗಾರ "ಹೆಲ್ಮೆಟ್ ಹಾಕ್ಕೊಳ್ಳೋ" ಅಂದ್ರೆ ನಾಟುತ್ತೆ. ಅಳತೆ ಟೀಮಿಗೆ ಅವರನ್ನೂ ಸೇರಿಸ್ಕೊಳ್ಳಿ, ಯಾವ ರಸ್ತೇಲಿ ಎಷ್ಟು ಸ್ಪೀಡ್ ಹೋಗ್ಬಹುದು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ ಹೇಳಿ.